ಸಂದಿಯಲ್ಲಿ ನುಗ್ಗಬಹುದೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬೆಂಗಳೂರಿನ ಗೊರಗುಂಟೆಪಾಳ್ಯದಿಂದ ಹೆಬ್ಬಾಳ ದಾಟಿ ನಾಗವಾರದವರೆಗೆ ಹತ್ತೊಂಬತ್ತು ವರ್ಷಗಳಿಂದ ಬೈಕಿನಲ್ಲೇ ಓಡಾಡುತ್ತಿದ್ದೇನೆ. ಇದು ಗೊತ್ತಿರುವವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಕಚೇರಿಗೆ ಹೊಸದಾಗಿ ಸೇರಿದ ಹುಡುಗಿ ಸ್ಕೂಟರ್ ಕೊಂಡಾಗ ಕೇಳಿದಳು. ಅಕ್ಕನ ಮಗ ಮೊದಲ ಬೈಕಿನ ಕೀಲಿ ಕೈಗೆ ಬಂದ ದಿನವೇ ಕೇಳಿದ: "ಮಾಮ, ಗಾಡಿಗಳೆಲ್ಲ ನಿಂತುಬಿಟ್ಟಾಗ ನಡುವಿನ ಸಂದಿಯಲ್ಲಿ ಮುಂದೆ ಹೋಗಬಹುದೇ? ಹಿಂದೆಯೇ ನಿಂತಿರಬೇಕೇ?"

ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಕ್ಕಪಕ್ಕದ ವಾಹನಗಳು ಪೂರ್ತಿ ನಿಂತಿದ್ದರೆ, ಮನುಷ್ಯ ಬಿರುಸಾಗಿ ನಡೆಯುವಷ್ಟೇ ವೇಗದಲ್ಲಿ ಹೋಗು. ಅವುಗಳ ಚಕ್ರ ಉರುಳತೊಡಗಿದ ಕೂಡಲೇ ಸಂದಿ ಬಿಟ್ಟು ಯಾವುದಾದರೂ ಒಂದು ಸಾಲಿಗೆ ಸೇರಿಕೋ. ಬಸ್ಸು, ಲಾರಿಗಳ ಪಕ್ಕದ ಸಂದಿಗೆ ಮಾತ್ರ ಯಾವ ಕಾರಣಕ್ಕೂ ಹೋಗಬೇಡ.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. ಸಂದಿಯಲ್ಲಿ ಹೋಗಲು ಅನುಮತಿ ಕೊಡುವ ಪ್ರತ್ಯೇಕ ನಿಯಮ ನಮ್ಮ ದೇಶದಲ್ಲಿಲ್ಲ. 2017ರ ಚಾಲನಾ ನಿಯಮಗಳು ಪಥ ಗುರುತಿಸಿದ ರಸ್ತೆಯಲ್ಲಿ ಪಥದೊಳಗೇ ಇರಬೇಕು, ಸೂಚನೆ ಕೊಟ್ಟೇ ಪಥ ಬದಲಿಸಬೇಕು ಎನ್ನುತ್ತವೆ. ಹಾಗಾಗಿ ಪೊಲೀಸರು ತಡೆದರೆ ವಾದಕ್ಕೆ ಇಳಿಯಬೇಡಿ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2016ರಲ್ಲಿ ಮಾಡಿದ ಕಾನೂನು ಸಂದಿಯಲ್ಲಿ ಹೋಗುವುದಕ್ಕೊಂದು ವ್ಯಾಖ್ಯೆ ಕೊಟ್ಟಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 2014ರ ಜುಲೈನಿಂದ ಗಂಟೆಗೆ 30 ಕಿಲೋಮೀಟರ್ ಮೀರದಂತೆ ಹೋಗಲು ಬಿಟ್ಟಿದೆ. ಆದರೆ ಪಾದಚಾರಿ ಮಾರ್ಗದ ಅಂಚಿನಲ್ಲಿ, ನಿಲ್ಲಿಸಿಟ್ಟ ಕಾರುಗಳ ಪಕ್ಕದಲ್ಲಿ, ಶಾಲಾ ವಲಯದಲ್ಲಿ ಅಲ್ಲಿಯೂ ಹೋಗುವಂತಿಲ್ಲ.

ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಕ್ಯಾಲಿಫೋರ್ನಿಯಾದ ಸುಮಾರು 6,000 ಬೈಕ್ ಅಪಘಾತಗಳನ್ನು ಪರಿಶೀಲಿಸಿ 2015ರಲ್ಲಿ ವರದಿ ಕೊಟ್ಟರು. ಅವುಗಳಲ್ಲಿ 997 ಸವಾರರು ಅಪಘಾತದ ಹೊತ್ತಿಗೆ ಸಂದಿಯಲ್ಲಿದ್ದವರು. ಇತರರಿಗೆ ಹೋಲಿಸಿದರೆ ಅವರಿಗೆ ತಲೆಗೆ ಪೆಟ್ಟಾಗಿದ್ದು ಕಡಿಮೆ, ಹಿಂದಿನಿಂದ ಯಾರಾದರೂ ಬಂದು ಗುದ್ದಿದ್ದೂ ಕಡಿಮೆ. ಅವರೇ ಮುಂದಿನ ವಾಹನಕ್ಕೆ ಗುದ್ದಿದ್ದು ಮಾತ್ರ ಹೆಚ್ಚು. ಆ ವರದಿಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇನ್ನೊಂದು ವಿಷಯ: ಅಕ್ಕಪಕ್ಕದ ವಾಹನಗಳಿಗಿಂತ ಸವಾರನ ವೇಗ ಗಂಟೆಗೆ 24 ಕಿಲೋಮೀಟರಿಗಿಂತ ಹೆಚ್ಚಾದಾಗ ಗಾಯದ ಅಪಾಯ ಏರುತ್ತದೆ. ಅದೂ ಕಾರುಗಳು ಗೆರೆಯೊಳಗೆ ನೆಟ್ಟಗೆ ಸಾಗುವ ರಸ್ತೆಗಳ ಲೆಕ್ಕ. ನನ್ನ ದಾರಿಯ ಬಿಇಎಲ್ ವೃತ್ತದಲ್ಲಿ ಒಂದು ಕಾರು ಎಡಕ್ಕೆ ಮೂತಿ ತಿರುಗಿಸಿ ನಿಂತಿರುತ್ತದೆ, ಅದರ ಪಕ್ಕಕ್ಕೊಂದು ಆಟೊ ಅಡ್ಡಲಾಗಿ ತೂರಿಕೊಂಡಿರುತ್ತದೆ. ಇಲ್ಲಿಗೆ ಆ 24 ಕೂಡ ಬಹಳ ಹೆಚ್ಚು.

ನನಗೆ ಈ ಲೆಕ್ಕ ಕಲಿಸಿದ್ದು ಒಂದು ಬಾಗಿಲು. ಕೆಲವು ವರ್ಷಗಳ ಹಿಂದೆ, ಹೆಬ್ಬಾಳ ಮೇಲ್ಸೇತುವೆಗೆ ಹತ್ತುವ ಮುನ್ನ ಎರಡು ಸಾಲು ಕಾರುಗಳು ಅಲ್ಲಾಡದೆ ನಿಂತಿದ್ದವು. ನಾನು ನಡುವೆ 30ರ ವೇಗದಲ್ಲಿ ಹೋಗುತ್ತಿದ್ದೆ. ಆ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ ಎಂಟು ಮೀಟರಿಗಿಂತ ಹೆಚ್ಚು ದೂರ ಹೋಗಿರುತ್ತದೆ. ಬಲಗಡೆಯ ಬಾಡಿಗೆ ಕಾರಿನ ಹಿಂಬಾಗಿಲು ತೆರೆಯಿತು. ನನಗೆ ಕಂಡದ್ದು ಬಾಗಿಲಿನ ಅಂಚು ಮತ್ತು ನೆಲದ ಕಡೆ ಇಳಿಯುತ್ತಿದ್ದ ಒಂದು ಚಪ್ಪಲಿ ಕಾಲು, ಅಷ್ಟೇ. ಬ್ರೇಕಿನ ಮೇಲೆ ಬೆರಳು ಬೀಳುವ ಮೊದಲೇ ಹ್ಯಾಂಡಲಿನ ತುದಿ ಬಾಗಿಲಿಗೆ ಬಡಿಯಿತು, ಎಡಗಡೆಯ ಆಟೊದ ಮೇಲೆ ಬಿದ್ದೆ. ಮಣಿಕಟ್ಟು ಮುರಿದು ಆರು ವಾರ ಪಟ್ಟಿ ಹಾಕಿಸಿಕೊಂಡಿದ್ದೆ. ಇಳಿಯುತ್ತಿದ್ದವರು ವಯಸ್ಸಾದ ಹೆಂಗಸು. ಹೇಗೂ ಕಾರು ನಿಂತಿದೆ, ಇಳಿದು ನಡೆದರೆ ಬೇಗ ತಲುಪಬಹುದೆಂದು ಬಾಗಿಲು ತೆಗೆದಿದ್ದರು. ನನಗೆ ನೀರು ಕುಡಿಸುವಾಗ ಅವರ ಕೈ ನಡುಗಿ ಅರ್ಧ ನೀರು ನನ್ನ ಅಂಗಿಯ ಮೇಲೆ ಚೆಲ್ಲಿತು. ಬಾಗಿಲು ತೆಗೆಯುವ ಮುನ್ನ ಅವರು ಹಿಂದೆ ನೋಡಬೇಕಿತ್ತು, ನಿಜ. ಆದರೆ ನಾನು 10ರ ವೇಗದಲ್ಲಿದ್ದಿದ್ದರೆ ಆ ಕಾಲು ಕಂಡ ಮೇಲೂ ಬೈಕು ನಿಲ್ಲುತ್ತಿತ್ತು. ತಪ್ಪು ನನ್ನದೇ ಎಂದು ಅಂದಿನಿಂದ ಒಪ್ಪಿಕೊಂಡಿದ್ದೇನೆ.

ಬಸ್ಸಿನ ಪಕ್ಕ ಯಾಕೆ ಬೇಡ ಎಂದರೆ ಅಳತೆ ಹಿಡಿದು ನೋಡಿ. ಒಂದು ಪಥದ ಅಗಲ ಹೆಚ್ಚೆಂದರೆ ಮೂರೂವರೆ ಮೀಟರ್, ಬಸ್ಸಿನ ಅಗಲ ಸುಮಾರು ಎರಡೂವರೆ. ಎರಡು ಬಸ್ಸುಗಳು ತಮ್ಮ ತಮ್ಮ ಪಥದ ನಟ್ಟನಡುವೆ ನಿಂತರೂ ಮಧ್ಯೆ ಉಳಿಯುವುದು ಒಂದು ಮೀಟರ್. ಅದರೊಳಗೆ ಬಸ್ಸಿನ ಕನ್ನಡಿ ಚಾಚಿರುತ್ತದೆ, ಕಿಟಕಿಯಿಂದ ಮೊಣಕೈ ಹೊರಬಂದಿರುತ್ತದೆ. ಸ್ಕೂಟರಿನ ಹ್ಯಾಂಡಲ್ಲೇ ಎಪ್ಪತ್ತು ಸೆಂಟಿಮೀಟರ್ ಇದೆ. ಜೊತೆಗೆ ನಿಧಾನವಾದಷ್ಟೂ ದ್ವಿಚಕ್ರ ವಾಹನ ನೇರವಾಗಿ ಹೋಗುವುದಿಲ್ಲ, ಬೀಳದಿರಲು ಅತ್ತಿತ್ತ ಓಲಾಡುತ್ತದೆ. ಆ ಓಲಾಟಕ್ಕೆ ಅಲ್ಲಿ ಜಾಗವಿಲ್ಲ. ಇನ್ನು ಬಸ್ಸು ಎಡಕ್ಕೆ ತಿರುಗಿದರೆ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಒತ್ತಿಕೊಂಡು ಬರುತ್ತದೆ. ಎಡಬದಿಯಲ್ಲಿ ನಿಂತ ಸ್ಕೂಟರ್ ಚಾಲಕನ ಕಣ್ಣಿಗೆ ಬೀಳುವುದೂ ಕಷ್ಟ. ತುಮಕೂರು ಕಡೆಯ ಬಸ್ಸು, ಲಾರಿಗಳೆಲ್ಲ ಸೇರುವ ಗೊರಗುಂಟೆಪಾಳ್ಯದ ಸಿಗ್ನಲಿನಲ್ಲಿ ದಿನವೂ ಇದನ್ನು ಕಂಡು ನನ್ನ ಎದೆ ಝಲ್ಲೆನ್ನುತ್ತದೆ. ಅಲ್ಲದೆ ಬಸ್ಸಿನಿಂದ ಜನ ಇಳಿಯುವುದು ಆ ಎಡಗಡೆಗೇ ತಾನೇ?

ಸಂದಿಯೊಳಗೆ ಹೋದ ಮೇಲೆ ಕಣ್ಣು ಎಲ್ಲಿರಬೇಕು ಎಂಬುದನ್ನು ಅಕ್ಕನ ಮಗನಿಗೆ ಒಂದು ಭಾನುವಾರ ಹಿಂದೆ ಕೂರಿಸಿಕೊಂಡು ತೋರಿಸಿದೆ. ಇಂಡಿಕೇಟರ್ ನೋಡುತ್ತಾ ಕೂತರೆ ಆಗದು, ಅದನ್ನು ಹಾಕುವವರೇ ಕಡಿಮೆ. ಕಾರಿನ ಮುಂದಿನ ಚಕ್ರ ನೋಡಬೇಕು. ಕಾರು ಅಲ್ಲಾಡುವ ಮೊದಲು ಚಕ್ರ ಹೊರಳುತ್ತದೆ. ಪಕ್ಕದ ಕನ್ನಡಿಯಲ್ಲಿ ಚಾಲಕನ ಮುಖ ಕಾಣುತ್ತಿದೆಯೇ, ಅವರು ತಲೆ ಬಗ್ಗಿಸಿ ಮೊಬೈಲಿನಲ್ಲಿ ಮುಳುಗಿದ್ದಾರೆಯೇ ಎಂದೂ ಗಮನಿಸಬೇಕು. ಆಟೊದಲ್ಲಿ ಹಿಂದೆ ಕುಳಿತವರು ಮುಂದಕ್ಕೆ ಬಾಗಿ ಹಣ ಕೊಡುತ್ತಿದ್ದರೆ ಇನ್ನೆರಡು ಕ್ಷಣದಲ್ಲಿ ಇಳಿಯುತ್ತಾರೆ ಎಂದೇ ಅರ್ಥ. ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿರುವುದು ಒಂದು ಸಾಲು ನಿಂತು ಇನ್ನೊಂದು ಸಾಲು ಸಾಗತೊಡಗಿದಾಗ. ನಿಂತ ಸಾಲಿನ ಯಾರಾದರೂ ತಾಳ್ಮೆ ಕಳೆದುಕೊಂಡು ಆ ಕಡೆಗೆ ಹಾರುತ್ತಾರೆ, ಹಾರುವ ದಾರಿಯಲ್ಲಿ ನೀವಿರುತ್ತೀರಿ.

ಕಾಲುಗಳನ್ನು ನೆಲಕ್ಕೆ ಇಳಿಬಿಟ್ಟು ಎಳೆದುಕೊಂಡು ಹೋಗುವ ಅಭ್ಯಾಸ ಬಿಡಿ. ಸಮತೋಲನ ಕೆಡುತ್ತದೆ, ಪಾದ ಪಕ್ಕದ ಕಾರಿನ ಚಕ್ರದಡಿ ಸಿಗುತ್ತದೆ. ಬೈಕಾದರೆ ಅರ್ಧ ಕ್ಲಚ್ಚು ಮತ್ತು ಹಿಂದಿನ ಬ್ರೇಕಿನ ಮೇಲೆ ಹಗುರವಾದ ಒತ್ತು, ಸ್ಕೂಟರಾದರೆ ಹಿಂದಿನ ಬ್ರೇಕನ್ನು ತುಸುವೇ ಹಿಡಿದು ಅಷ್ಟೇ ತುಸು ಆಕ್ಸಿಲರೇಟರ್. ಹೊಸ ಸ್ಕೂಟರುಗಳಲ್ಲಿ ಎಡಗೈ ಬ್ರೇಕು ಮುಂದಿನ ಚಕ್ರವನ್ನೂ ಹಿಡಿಯುತ್ತದೆ, ಆದ್ದರಿಂದ ಹ್ಯಾಂಡಲ್ ತಿರುಗಿಸಿಕೊಂಡಿದ್ದಾಗ ಗಟ್ಟಿಯಾಗಿ ಒತ್ತಬಾರದು. ಮಳೆಯಲ್ಲಿ ನಾನು ಸಂದಿಗೆ ಹೋಗುವುದೇ ಇಲ್ಲ. ಎರಡು ಸಾಲುಗಳ ನಡುವೆ ಇರುವುದೇ ಬಿಳಿ ಬಣ್ಣದ ಗೆರೆ, ಒದ್ದೆಯಾದರೆ ಅದು ಪಾಚಿಯಂತೆ ಜಾರುತ್ತದೆ.

ಸಭ್ಯತೆಯ ವಿಷಯಕ್ಕೆ ಬರುತ್ತೇನೆ. ಕಾರಿನ ಕನ್ನಡಿಗೆ ತಗುಲಿದರೆ ನಿಂತು, ಕ್ಷಮೆ ಕೇಳಿ, ಅದನ್ನು ಮೊದಲಿನಂತೆ ತಿರುಗಿಸಿ ಹೋಗಿ. ಯಾರಾದರೂ ತುಸು ಸರಿದು ದಾರಿ ಬಿಟ್ಟರೆ ಕೈ ಎತ್ತಿ. ನಾನು ಎತ್ತುತ್ತೇನೆ, ಆ ಚಾಲಕರು ಮುಂದಿನ ಸವಾರನಿಗೂ ದಾರಿ ಬಿಡುವುದನ್ನು ಕನ್ನಡಿಯಲ್ಲಿ ನೋಡಿದ್ದೇನೆ. ಮುಂದೆ ನಿಧಾನವಾಗಿ ಹೋಗುತ್ತಿರುವ ಸ್ಕೂಟರಿನವರಿಗೆ ಹಾರ್ನ್ ಹೊಡೆಯಬೇಡಿ, ಗಾಬರಿಯಲ್ಲಿ ಅವರು ಕಾರಿಗೆ ಒರಗುತ್ತಾರೆ. ನಿಮ್ಮ ಹಿಂದೆ ಯಾರಾದರೂ ಅವಸರಿಸಿದರೆ ಎರಡು ಕಾರುಗಳ ನಡುವಿನ ಜಾಗಕ್ಕೆ ಸರಿದು ಅವರನ್ನು ಕಳಿಸಿಬಿಡಿ. ಸಿಗ್ನಲಿನ ತುದಿ ತಲುಪಿದ ಮೇಲೆ ಜೀಬ್ರಾ ಗೆರೆಗಳ ಮೇಲೆ ನಿಲ್ಲಬೇಡಿ, ಅದು ನಡೆಯುವವರಿಗೆ ಉಳಿದಿರುವ ಒಂದೇ ಒಂದು ಜಾಗ. ಪಾದಚಾರಿ ಮಾರ್ಗದ ಮೇಲೆ ಗಾಡಿ ಹತ್ತಿಸುವವರ ಬಗ್ಗೆ ನನಗೆ ಯಾವ ಸಹಾನುಭೂತಿಯೂ ಇಲ್ಲ.

ಆಂಬುಲೆನ್ಸ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಸೈರನ್ ಕೇಳಿದಾಗ ಕಾರುಗಳು ಪಕ್ಕಕ್ಕೆ ಸರಿಯಬೇಕಾದರೆ ನಡುವೆ ಖಾಲಿ ಜಾಗ ಇರಬೇಕು. ಆ ಜಾಗವನ್ನೆಲ್ಲ ನಾವು ಬೈಕಿನವರು ತುಂಬಿಕೊಂಡಿದ್ದರೆ ಯಾವ ಕಾರೂ ಒಂದು ಗೇಣು ಸರಿಯಲಾರದು. ಹೆಬ್ಬಾಳದ ಇಳಿಜಾರಿನಲ್ಲಿ ಒಂದು ಸಂಜೆ ಆಂಬುಲೆನ್ಸಿನೊಳಗಿದ್ದ ಸಹಾಯಕ ಕೆಳಗಿಳಿದು ಒಬ್ಬೊಬ್ಬ ಸವಾರನ ಹೆಗಲು ಮುಟ್ಟಿ "ಮುಂದೆ ಹೋಗಿ ಅಣ್ಣ, ಮುಂದೆ ಹೋಗಿ" ಎಂದು ಬೇಡಿಕೊಳ್ಳುತ್ತಿದ್ದ. ಸೈರನ್ ದೂರದಲ್ಲಿ ಕೇಳಿದಾಗಲೇ ಸಂದಿ ಖಾಲಿ ಮಾಡಿ. ಆಂಬುಲೆನ್ಸ್ ಹೋದ ಮೇಲೆ ಅದರ ಬೆನ್ನು ಹತ್ತಿ ನುಗ್ಗಬೇಡಿ.

ಕಾರಿನವರಲ್ಲೂ ಒಂದು ಕೋರಿಕೆ ಇದೆ. ಬೈಕು ಬರುವುದು ಕಂಡು ಬೇಕೆಂದೇ ಸಂದಿ ಮುಚ್ಚಬೇಡಿ. ಬಾಗಿಲನ್ನು ಹತ್ತಿರದ ಕೈಯಿಂದ ತೆಗೆಯುವ ಬದಲು ದೂರದ ಕೈಯಿಂದ ತೆಗೆಯಿರಿ. ಆಗ ಮೈ ತಾನಾಗಿಯೇ ತಿರುಗಿ, ಹಿಂದಿನಿಂದ ಬರುವವರು ಕಣ್ಣಿಗೆ ಬೀಳುತ್ತಾರೆ.

"ಹಿಂದೆ ಯಾರಾದರೂ ಕುಳಿತಿದ್ದರೆ?" ಎಂದೂ ಕೇಳುತ್ತಾರೆ. ಮಗಳು ಹಿಂದೆ ಕುಳಿತ ದಿನ ನಾನು ಸಂದಿಗೆ ಹೋಗುವುದಿಲ್ಲ. ಅವಳ ಮೊಣಕಾಲು ಎರಡೂ ಕಡೆ ಹೊರಚಾಚಿರುತ್ತದೆ, ಅದು ಎಲ್ಲಿಗೆ ತಾಗುತ್ತದೆ ಎಂದು ಮುಂದೆ ಕುಳಿತ ನನಗೆ ಕಾಣುವುದಿಲ್ಲ. ಒಂದು ಕಾರಿನ ಹಿಂದೆ, ಕಾರಿನಂತೆಯೇ ಸಾಲಿನಲ್ಲಿ ನಿಲ್ಲುತ್ತೇನೆ. ಅವಳು ಹೆಲ್ಮೆಟ್ಟಿನ ಗಾಜು ಮೇಲೆತ್ತಿ ಅಂಗಡಿಗಳ ಬೋರ್ಡುಗಳನ್ನು ಒಂದೊಂದಾಗಿ ಓದುತ್ತಾಳೆ. ಬಿಇಎಲ್ ವೃತ್ತ ದಾಟುವಷ್ಟರಲ್ಲಿ ಸಿಗ್ನಲ್ ಮೂರು ಸಲ ಕೆಂಪಾಗುತ್ತದೆ. ಮನೆ ತಲುಪುವುದು ಹದಿನೈದು ನಿಮಿಷ ತಡ.