48ನೇ ಬೀದಿಯಿಂದ ಕಾರ್ಮೈನ್ ಬೀದಿಗೆ

ನ್ಯೂಯಾರ್ಕಿನ ಪಶ್ಚಿಮ 48ನೇ ಬೀದಿಗೆ ಒಂದು ಕಾಲದಲ್ಲಿ ‘ಮ್ಯೂಸಿಕ್ ರೋ’ ಎಂಬ ಹೆಸರಿತ್ತು. ಆರನೇ ಮತ್ತು ಏಳನೇ ಅವೆನ್ಯೂಗಳ ನಡುವೆ ಸಾಲುಸಾಲು ವಾದ್ಯದಂಗಡಿಗಳು. ಈಗ ಅಲ್ಲಿ ಅಡ್ಡಾಡಿದರೆ ಎತ್ತರದ ಕಟ್ಟಡಗಳು, ಅವಸರದ ನೌಕರರು, ಅಷ್ಟೇ. 1935ರಲ್ಲಿ ಶುರುವಾದ ಮ್ಯಾನೀಸ್ ಎಂಬ ವಾದ್ಯದಂಗಡಿ ಇದ್ದದ್ದು ಇದೇ ಬೀದಿಯಲ್ಲಿ. ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಗಿಟಾರ್ ಕೊಳ್ಳುತ್ತಿದ್ದ ಅಂಗಡಿ ಅದು. ಎದುರಾಳಿ ವಾದ್ಯಮಳಿಗೆ ಸರಣಿ ಸ್ಯಾಮ್ ಆ್ಯಶ್ 1999ರಲ್ಲಿ ಅದನ್ನು ಕೊಂಡುಕೊಂಡಿತು. 2009ರಲ್ಲಿ ಬಾಗಿಲು ಬಿತ್ತು. ಆದರೆ ನುಂಗಿದವರಿಗೂ ಅದು ದಕ್ಕಲಿಲ್ಲ. 1924ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಸ್ಯಾಮ್ ಆ್ಯಶ್, ನೂರು ತುಂಬಿದ ವರ್ಷವೇ ತನ್ನ ಎಲ್ಲ ಮಳಿಗೆಗಳನ್ನೂ ಮುಚ್ಚಿತು. ಅದಕ್ಕಿಂತ ದೊಡ್ಡ ಸರಣಿಯಾದ ಗಿಟಾರ್ ಸೆಂಟರ್ 2020ರಲ್ಲೇ ದಿವಾಳಿ ಅರ್ಜಿ ಹಾಕಿ, ಸಾಲ ಇಳಿಸಿಕೊಂಡು ಬದುಕಿತು.

ಹಾಗಾದರೆ ಸಣ್ಣ ಅಂಗಡಿಗಳು ಹೇಗೆ ಉಳಿದಿವೆ ಎಂದು ನೋಡಲು ಸಬ್‌ವೇ ಹಿಡಿದು ಅದೇ ನಗರದ ಗ್ರೀನಿಚ್ ವಿಲೇಜ್‌ನಲ್ಲಿ ಇಳಿದೆ. ಕಾರ್ಮೈನ್ ಬೀದಿಯಲ್ಲಿ ರಿಕ್ ಕೆಲ್ಲಿ ಅವರ ಗಿಟಾರ್ ಅಂಗಡಿಯಿದೆ. ನಗರದ ಹಳೆಯ ಕಟ್ಟಡಗಳಿಂದ ತೆಗೆದ ಪೈನ್ ತೊಲೆಗಳೇ ಅವರ ಕಚ್ಚಾಮಾಲು. 1854ರಷ್ಟು ಹಳೆಯದೆಂದು ಹೇಳಿಕೊಳ್ಳುವ ಮೆಕ್‌ಸೋರ್ಲೀಸ್ ಪಾನಗೃಹದ ಮರವೂ ಇಲ್ಲಿ ಗಿಟಾರ್ ಆಗಿದೆ. ದಶಕಗಟ್ಟಲೆ ಒಣಗಿದ ಮರದಲ್ಲಿ ರಾಳ ಗಟ್ಟಿಯಾಗಿ, ಭಾರ ಇಳಿದು, ನಾದ ಚೆನ್ನಾಗಿ ಹೊಮ್ಮುತ್ತದೆ ಎಂಬುದು ಅವರ ನಂಬಿಕೆ. ಇಂಥ ಸರಕು ಯಾವ ಸರಣಿ ಮಳಿಗೆಯ ಗೋದಾಮಿನಲ್ಲೂ ಸಿಗದು.

ಆದರೆ ಎಲ್ಲರೂ ಗಿಟಾರ್ ಕಟ್ಟಲಾರರಲ್ಲ? ಬ್ರೂಕ್ಲಿನ್‌ನ ಒಂದು ಸಣ್ಣ ಅಂಗಡಿಯಲ್ಲಿ ಹೆಚ್ಚು ಹೊತ್ತು ನಿಂತೆ. ಹುಡುಗಿಯೊಬ್ಬಳು ಹೊಸ ಗಿಟಾರ್ ತಂದಿದ್ದಳು: ತಂತಿ ಝರ್ರೆನ್ನುತ್ತಿತ್ತು. ಅಂಗಡಿಯವರು ಒಂದು ಕಣ್ಣು ಮುಚ್ಚಿ ಅದರ ಕತ್ತಿನ ಉದ್ದಕ್ಕೂ ನೋಡಿದರು. ಚಳಿಗಾಲದ ಹೀಟರಿನ ಶಾಖಕ್ಕೆ ಮರ ಒಣಗಿ, ಕತ್ತು ಬಾಗಿ, ತಂತಿ ಅದಕ್ಕೆ ತಾಗುತ್ತಿತ್ತು. ಕತ್ತಿನ ಒಳಗಿನ ಉಕ್ಕಿನ ಸರಳನ್ನು ಕೀಲಿಯಿಂದ ಕಾಲು ಸುತ್ತು ಸಡಿಲಿಸಿ, ಶ್ರುತಿ ಮಾಡಿ, ಮತ್ತೆ ನೋಡಿದರು. ಝರ್ ಎನ್ನುವ ಸದ್ದು ನಿಂತಿತು.

ಹೊಸ ಗಿಟಾರ್‌ಗಳು ಅಲ್ಲಿ ಕಡಿಮೆ. ದೊಡ್ಡ ಕಂಪನಿಗಳು ತಮ್ಮ ಮಾಲನ್ನು ಮಾರಲು ಬಿಡಬೇಕಾದರೆ ದೊಡ್ಡ ಖರೀದಿಯನ್ನೇ ಬಯಸುತ್ತವೆ. ಸಣ್ಣವರ ಬಂಡವಾಳವೆಲ್ಲ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಇವರು ಹಳೆಯ ವಾದ್ಯಗಳನ್ನು ಕೊಂಡು ಸರಿಪಡಿಸಿ ಮಾರುತ್ತಾರೆ, ಮಾಲೀಕರ ಪರವಾಗಿ ಮಾರಿಕೊಟ್ಟು ಕಮಿಷನ್ ಪಡೆಯುತ್ತಾರೆ, ಹಿಂದಿನ ಕೋಣೆಯಲ್ಲಿ ಪಾಠ ನಡೆಸುತ್ತಾರೆ. ಲಾಭ ಇರುವುದು ಇವುಗಳಲ್ಲೇ. ಗೋಡೆಯ ಮೇಲೆ ಮಿರಮಿರ ಮಿಂಚುವ ಗಿಟಾರ್‌ಗಳಿಗಿಂತ ಆ ರಿಪೇರಿ ಮೇಜೇ ನನಗೆ ಶ್ರೀಮಂತವಾಗಿ ಕಂಡಿತು.

ಸ್ಯಾಮ್ ಆ್ಯಶ್ ಮುಚ್ಚಿದ್ದರಿಂದ ನಿಮಗೆ ಅನುಕೂಲವಾಯಿತೇ ಎಂದು ಕೇಳಿದೆ.

“ಗಿರಾಕಿಗಳು ಹೆಚ್ಚಿದ್ದಾರೆ. ಬಾಡಿಗೆಯೂ ಹೆಚ್ಚಿದೆ” ಎಂದವರು ಮುಂದಿನ ಗಿಟಾರನ್ನು ಪೆಟ್ಟಿಗೆಯಿಂದ ತೆಗೆದರು.