ಅಸಿನಿಬೊಯ್ನ್ ತುದಿಯ ಬಿಳಿ ಬಾಲ

ಮೇಗಾಗ್ ಸರೋವರದ ದಂಡೆಯಲ್ಲಿ ಬೆಳಗಾದರೆ ಮೊದಲು ತಲೆಯೆತ್ತಿ ಅಸಿನಿಬೊಯ್ನ್ ಶಿಖರದ ತುದಿ ನೋಡಬೇಕು. ಅಲ್ಲಿಂದ ಒಂದೇ ಪಕ್ಕಕ್ಕೆ ಮೋಡ ಬಾಲದಂತೆ ಎಳೆದುಕೊಂಡಿದ್ದರೆ ಮೇಲೆ ಗಾಳಿ ಜೋರಾಗಿದೆ ಎಂದರ್ಥ. ಕೆಳಗೆ ಒಂದು ಎಲೆ ಅಲುಗದಿದ್ದರೂ ಅವತ್ತು ಹತ್ತುವ ಮಾತು ಬೇಡ.

ಬೆಟ್ಟಕ್ಕೆ ಹೆಸರು ಬಂದದ್ದೂ ಈ ಮೋಡದಿಂದಲೇ. ಕೆನಡಾದ ಆಲ್ಬರ್ಟಾ ಮತ್ತು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯಗಳ ಗಡಿ ಇಲ್ಲಿ ರಾಕಿ ಪರ್ವತಗಳ ನೆತ್ತಿಯಲ್ಲೇ ಸಾಗುತ್ತದೆ. ಪೂರ್ವಕ್ಕೆ ಇಳಿದ ನೀರು ಹಡ್ಸನ್ ಕೊಲ್ಲಿಗೆ, ಪಶ್ಚಿಮಕ್ಕೆ ಇಳಿದದ್ದು ಪೆಸಿಫಿಕ್ ಸಾಗರಕ್ಕೆ. 3618 ಮೀಟರ್ ಎತ್ತರದ ಈ ಶಿಖರ ಆ ಗೆರೆಯ ಮೇಲಿದೆ. 1885ರಲ್ಲಿ ಭೂವಿಜ್ಞಾನಿ ಜಾರ್ಜ್ ಡಾಸನ್ ದೂರದ ಕಾಪರ್ ಬೆಟ್ಟದಿಂದ ಇದನ್ನು ಕಂಡಾಗ, ತುದಿಯ ಮೋಡ ಅಸಿನಿಬೊಯ್ನ್ ಎಂಬ ಮೂಲನಿವಾಸಿ ಜನರ ಚರ್ಮದ ಗುಡಾರದಿಂದೇಳುವ ಹೊಗೆಯಂತೆ ತೋರಿತು.

ಆದರೆ ಹೊಗೆಯ ಕಥೆ ಹೇಳಿ ನಿಲ್ಲಿಸುವುದು ಅನ್ಯಾಯ. ಆ ಜನ ತಮ್ಮನ್ನು ಕರೆದುಕೊಳ್ಳುವುದು ನಕೋಡ ಎಂದು. ಅಸಿನಿಬೊಯ್ನ್ ಎಂಬುದು ನೆರೆಯ ಒಜಿಬ್ವೆ ಭಾಷೆಯಿಂದ ಬಂದ ಹೆಸರು. 'ಅಸಿನ್' ಎಂದರೆ ಕಲ್ಲು. ಕಲ್ಲಿನಿಂದ ಅಡುಗೆ ಮಾಡುವವರು ಎಂಬ ಅರ್ಥದಲ್ಲಿ ಅದು ಹುಟ್ಟಿತು. ನೆಲದಲ್ಲಿ ಗುಂಡಿ ತೋಡಿ, ಒಳಗೆ ಹಸಿ ಚರ್ಮ ಹಾಸಿ, ನೀರು-ಮಾಂಸ ತುಂಬಿ, ಕೆಂಡದಲ್ಲಿ ಕೆಂಪಗೆ ಕಾಯಿಸಿದ ಕಲ್ಲುಗಳನ್ನು ಒಂದೊಂದಾಗಿ ಬಿಡುವುದು. ಆರಿದ ಕಲ್ಲು ತೆಗೆದು ಬಿಸಿಯದನ್ನು ಹಾಕುತ್ತ ಹೋದರೆ ನೀರು ಕುದಿಯುತ್ತದೆ. ಹೊಳೆಯಲ್ಲಿ ನೆನೆದ ಕಲ್ಲಾದರೆ ಒಳಗಿನ ತೇವ ಆವಿಯಾಗಿ, ಬೆಂಕಿಯಲ್ಲೇ ಸಿಡಿಯುತ್ತದೆ. ಒಣಗಿದ ಕಲ್ಲನ್ನೇ ಆರಿಸಬೇಕು.

ಬೆಟ್ಟದ ಬುಡದವರೆಗೆ ರಸ್ತೆಯಿಲ್ಲ. ಮೌಂಟ್ ಶಾರ್ಕ್ ಕಡೆಯಿಂದ ಸುಮಾರು 25 ಕಿ.ಮೀ. ನಡೆಯಬೇಕು, ಇಲ್ಲವೆ ಹೆಲಿಕಾಪ್ಟರ್. 1901ರಲ್ಲಿ ಮೊದಲು ಹತ್ತಿದ ಜೇಮ್ಸ್ ಔಟ್ರಮ್ ಮತ್ತು ಇಬ್ಬರು ಸ್ವಿಸ್ ಮಾರ್ಗದರ್ಶಿಗಳು ನೈರುತ್ಯದಿಂದ ಏರಿ ಉತ್ತರದ ಏಣಿನಲ್ಲಿ, ಎಂದರೆ ಬೆಟ್ಟದ ಚೂಪು ಅಂಚಿನಲ್ಲಿ, ಇಳಿದರು. ಈಗ ಹೆಚ್ಚಿನವರು ಏರುವುದು ಆ ಉತ್ತರದ ಏಣಿನಲ್ಲೇ. ಹತ್ತುವವರು ತಂಗುವ ಹಿಂಡ್ ಗುಡಿಸಿಲಿನಿಂದ ಕತ್ತಲಿರುವಾಗಲೇ ಹೊರಡುತ್ತಾರೆ, ಏಕೆಂದರೆ ಬಿಸಿಲೇರಿದಂತೆ ಬಿರುಕುಗಳ ಮಂಜುಗಡ್ಡೆ ಕರಗಿ ಕಲ್ಲುಗಳು ಸಡಿಲವಾಗುತ್ತವೆ. ದಾರಿಗೆ ಅಡ್ಡವಾಗಿ ಎರಡು ಕಡಿದಾದ ಬಂಡೆಪಟ್ಟಿಗಳಿವೆ: ಮೊದಲು ಕೆಂಪು, ಅದರ ಮೇಲೆ ಬೂದು. ಅಲ್ಲಿ ಹಿಡಿಯುವ ಪ್ರತಿ ಕಲ್ಲನ್ನೂ ಮೊದಲು ಅಂಗೈಯಲ್ಲಿ ತಟ್ಟಿ ನೋಡಬೇಕು; ಟೊಳ್ಳು ಸದ್ದು ಬಂದರೆ ಭಾರ ಹಾಕಬಾರದು.

ಎಡವಟ್ಟಾಗುವುದು ಹೆಚ್ಚಾಗಿ ಇಳಿಯುವಾಗ. ಹಗ್ಗದಲ್ಲಿ ಜಾರಿ ಬಂದ ಮೇಲೆ ಅದನ್ನು ಕೆಳಕ್ಕೆಳೆದರೆ, ಅದರ ಬಾಲ ಮೇಲಿನ ಸಡಿಲ ಕಲ್ಲನ್ನೂ ಕೆಡವಬಹುದು. ಹೆಲ್ಮೆಟ್ ತೆಗೆಯದೆ, ಬಂಡೆಯ ಮರೆಗೆ ಸರಿದು ನಿಂತು ಎಳೆಯಬೇಕು. ಕೆಂಪು ಪಟ್ಟಿಯ ಹತ್ತಿರ ಇರುವಾಗ ಮೇಲೆ ಬಿಳಿ ಬಾಲ ಮೂಡಿತೋ, ತುದಿ ಎಷ್ಟೇ ಹತ್ತಿರ ಕಂಡರೂ ಅಲ್ಲಿಂದಲೇ ತಿರುಗಬೇಕು.