ಮೊದಲ ನೀರು

ಇವತ್ತು ಶನಿವಾರ. ದಾವಣಗೆರೆ ಬಿಸಿಲಿಗೆ ಚರ್ಚ್ ಹಿಂದಿನ ಹಗ್ಗದ ಮೇಲೆ ಬಲಿಪೀಠದ ಬಟ್ಟೆಗಳು ಒಣಗ್ತಿದ್ವು. ಒಗೆದವರು ಯಾರು ಅಂತ ನಾಳೆ ಪೂಜೆಗೆ ಬರೋ ಯಾರಿಗೂ ಗೊತ್ತಾಗಲ್ಲ. ಗಾಯನ ತಂಡಕ್ಕಾದ್ರೂ ಹಬ್ಬದ ದಿನ ಚಪ್ಪಾಳೆ ಬೀಳುತ್ತೆ.

ಈ ಬಟ್ಟೆಗಳನ್ನ ನೇರವಾಗಿ ಸೋಪಿನ ನೀರಿಗೆ ಹಾಕೋ ಹಾಗಿಲ್ಲ.
ಮೊದಲು ಬರೀ ನೀರಲ್ಲಿ ನೆನೆಸಬೇಕು. ಆ ನೀರು ಚರಂಡಿಗೆ ಹೋಗಬಾರದು. ಗಿಡದ ಬುಡಕ್ಕೋ, ಯಾರೂ ತುಳಿಯದ ಮಣ್ಣಿಗೋ ಸುರೀಬೇಕು. ಪಾನಪಾತ್ರೆ ಒರೆಸಿದ ಬಟ್ಟೆಯಲ್ಲಿ ಪೂಜೆಯ ದ್ರಾಕ್ಷಾರಸದ ಒಂದು ಹನಿ, ಪಾತ್ರೆಯ ಕೆಳಗೆ ಹಾಸೋ ಕಾರ್ಪೊರಲ್‌ನಲ್ಲಿ ಪರಮಪ್ರಸಾದದ, ಅಂದ್ರೆ ಪೂಜೆಯಲ್ಲಿ ಅರ್ಪಿಸಿದ ರೊಟ್ಟಿಯ, ಒಂದು ಚೂರು ಉಳಿದಿರಬಹುದಲ್ಲ, ಅದಕ್ಕೆ. ಆ ಹನಿಯಲ್ಲಿ, ಆ ಚೂರಲ್ಲಿ ಯೇಸುಸ್ವಾಮಿ ಇದ್ದಾರೆ ಅಂತ ನಂಬೋರು ಬಕೆಟ್ ಎಲ್ಲಿ ಖಾಲಿ ಮಾಡ್ತಾರೆ ಅಂತ ನೋಡ್ಬೇಕು ಅನ್ಸುತ್ತೆ.

ಆಮೇಲೆ ಮಾಮೂಲಿ ಒಗೆತ. ಬೋರ್ ನೀರು ಗಡಸಾಗಿದ್ರೆ ನೊರೆ ಬರಲ್ಲ, ಬಿಳಿ ಮಂಕಾಗುತ್ತೆ.
ಮೇಣ ಬಿದ್ದಿದ್ರೆ ಉಜ್ಜಬೇಡಿ. ಗಟ್ಟಿಯಾದ ಮೇಲೆ ಕೆರೆದು, ಮೇಲೂ ಕೆಳಗೂ ಖಾಲಿ ಕಾಗದ ಇಟ್ಟು ಇಸ್ತ್ರಿ ಒತ್ತಿ. ಕಾಗದ ಮೇಣ ಹೀರ್ಕೊಳ್ಳುತ್ತೆ. ದಿನಪತ್ರಿಕೆ ಬೇಡ, ಶಾಯಿ ಹತ್ತುತ್ತೆ.

ಒರೆಸೋ ಬಟ್ಟೆಗೆ ಗಂಜಿ ಹಾಕಬಾರದು, ತೇವ ಹೀರಲ್ಲ. ಕಾರ್ಪೊರಲ್‌ಗೆ ಹಾಕಬಹುದು. ಅದನ್ನ ಉದ್ದಕ್ಕೆ ಮೂರು, ಅಡ್ಡಕ್ಕೆ ಮೂರು ಭಾಗವಾಗಿ ಒಳಮುಖಕ್ಕೇ ಮಡಚಬೇಕು. ಬಿಚ್ಚಿದ್ರೆ 9 ಚೌಕ ಕಾಣುತ್ತೆ. ಹೊರಮುಖ ಮಡಚಿದ್ರೆ ಚೂರೆಲ್ಲ ನೆಲಕ್ಕೆ.
ಕೆಲವರು ಚಂದ ಕಾಣಲಿ ಅಂತ ನಟ್ಟನಡುವೆ ಶಿಲುಬೆ ಕಸೂತಿ ಹಾಕ್ತಾರೆ. ಚೂರುಗಳು ಆ ದಾರದಲ್ಲೇ ಸಿಕ್ಕಿಬೀಳುತ್ತವೆ. ಅಂಚಿಗೆ ಚಿಕ್ಕದಾಗಿ ಹಾಕಿದ್ರೆ ಸಾಕಪ್ಪ.